ಸಹಿ ಹಾಕುವ ಮೊದಲು
(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಎಂ.ಬಿ.ಬಿ.ಎಸ್. ಸೀಟು ಸಿಗದಿದ್ದರೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಈಗ ಹೊಸ ಉತ್ತರಗಳು ಬಂದಿವೆ. ಅವುಗಳಲ್ಲಿ ಒಂದು ಬಿ.ಎಸ್ಸಿ. ಫಿಸಿಷಿಯನ್ ಅಸಿಸ್ಟೆಂಟ್. ಮಗಳು ‘ಪಿ.ಎ. ಕೋರ್ಸ್’ ಎಂದಾಗ ಅದು ಶಾಸಕರ ಪಿ.ಎ. ಕೆಲಸವೆಂದು ತಿಳಿದ ತಂದೆಯರೂ ಇದ್ದಾರೆ. ಇವರು ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಯ ವಿವರ ಕೇಳಿ ಬರೆದುಕೊಳ್ಳುತ್ತಾರೆ, ತಪಾಸಣೆ ಮಾಡುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ಕೈಜೋಡಿಸುತ್ತಾರೆ, ಡಿಸ್ಚಾರ್ಜ್ ಪತ್ರ ಸಿದ್ಧಪಡಿಸುತ್ತಾರೆ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಆರಂಭಿಸಿದ ಈ ಶಿಕ್ಷಣವನ್ನು 1992ರಲ್ಲಿ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಭಾರತಕ್ಕೆ ತಂದರು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆಯಲ್ಲಿ ಈ ವೃತ್ತಿಗೂ ಸ್ಥಾನ ಸಿಕ್ಕಿತು.

ಕೋರ್ಸಿನ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ಕೆಲಸಕ್ಕೆ ಸೇರುವ ದಿನದ ಬಗ್ಗೆ ಹೇಳುವವರು ಕಡಿಮೆ. ನಾನು ಭಾಷಾ ಶಿಕ್ಷಕ, ಆಸ್ಪತ್ರೆಯವನಲ್ಲ. ಆದರೆ ನಮ್ಮ ಶಾಲೆಯಲ್ಲಿ ಓದಿದ ಮಕ್ಕಳು ಇಂಗ್ಲಿಷಿನ ನೇಮಕಾತಿ ಪತ್ರ ಹಿಡಿದು ಓದಿಸಿಕೊಳ್ಳಲು ಬರುತ್ತಾರೆ. “ಡ್ಯೂಟಿ ಎಷ್ಟು ಗಂಟೆ?” ಎಂದು ಕೇಳಿದರೆ, “ಅದನ್ನು ಕೇಳಲಿಲ್ಲ ಸರ್, ಕೇಳಿದರೆ ಏನೆಂದುಕೊಳ್ಳುತ್ತಾರೋ” ಎನ್ನುತ್ತಾರೆ. ಉರ್ದುವಿನಲ್ಲಿ ಇದಕ್ಕೆ ಲಿಹಾಜ್ ಎನ್ನುತ್ತೇವೆ, ಕನ್ನಡದಲ್ಲಿ ದಾಕ್ಷಿಣ್ಯ. ಎರಡೂ ಒಳ್ಳೆಯ ಗುಣಗಳೇ. ಆದರೆ ಅವುಗಳ ಲಾಭ ಪಡೆಯುವವರು ಯಾರು ಎಂದು ನೋಡಬೇಕು.

“ಇದು ಸೇವೆ, ಸೇವೆಯಲ್ಲಿ ಗಂಟೆ ಎಣಿಸಬಾರದು” ಎಂದು ಆಡಳಿತದವರು ಹೇಳುತ್ತಾರೆ. ನಮ್ಮ ದೀನ್ ಏನು ಹೇಳುತ್ತದೆ? ಫಿಕ್ಹ್‌ನಲ್ಲಿ ‘ಇಜಾರಾ’ ಎಂಬ ಅಧ್ಯಾಯವಿದೆ. ದುಡಿಮೆಯ ಕರಾರು ಸರಿಯಾಗಬೇಕಾದರೆ ಕೆಲಸವೂ ಗೊತ್ತಿರಬೇಕು, ಉಜ್ರತ್ ಕೂಡ ಗೊತ್ತಿರಬೇಕು ಎನ್ನುತ್ತಾರೆ ಉಲಮಾಗಳು. ಸೂರಾ ಅಲ್-ಕಸಸ್‌ನಲ್ಲಿ ಪ್ರವಾದಿ ಮೂಸಾ (ಅ) ಮದ್ಯನ್‌ಗೆ ಬಂದ ಪ್ರಸಂಗ ನೆನಪಿಸಿಕೊಳ್ಳಿ. ಕೈಯಲ್ಲಿ ಏನೂ ಇಲ್ಲದ ಪರದೇಶಿ ಅವರು. ಆದರೂ ಆ ಹಿರಿಯರು ಎಂಟು ವರ್ಷದ ದುಡಿಮೆ ಎಂದು ಅವಧಿ ನಿಗದಿ ಮಾಡಿದರು. ಹತ್ತು ಪೂರ್ಣಗೊಳಿಸುವುದು ಮೂಸಾ ಅವರ ಇಚ್ಛೆಗೆ ಬಿಟ್ಟದ್ದು, ತಾನು ಕಷ್ಟ ಕೊಡಲು ಬಯಸುವುದಿಲ್ಲ ಎಂದೂ ಹೇಳಿದರು. ಮೂಸಾ ಅವರೂ ಎರಡು ಅವಧಿಗಳನ್ನು ಮತ್ತೆ ಹೇಳಿ, ಯಾವುದನ್ನು ಪೂರೈಸಿದರೂ ತನ್ನ ಮೇಲೆ ಒತ್ತಾಯ ಬರಬಾರದು ಎಂದು ಖಚಿತಪಡಿಸಿಕೊಂಡು, ಅಲ್ಲಾಹನನ್ನು ಸಾಕ್ಷಿಯಾಗಿಟ್ಟರು. ಕಡ್ಡಾಯದ ದುಡಿಮೆ ಎಷ್ಟು, ಸ್ವಂತ ಇಚ್ಛೆಯ ದುಡಿಮೆ ಎಷ್ಟು ಎಂದು ಮೊದಲ ದಿನವೇ ಬೇರೆಯಾಯಿತು. ಡ್ಯೂಟಿ ಮತ್ತು ಓವರ್‌ಟೈಮ್ ಎಂದು ನಾವು ಇಂದು ಕರೆಯುವುದು ಇದನ್ನೇ ಅಲ್ಲವೇ?

ಈಗ ಸ್ವಲ್ಪ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಆಸ್ಪತ್ರೆ ತಿಂಗಳಿಗೆ 18,000 ರೂಪಾಯಿ ಕೊಡುತ್ತದೆ, ಎಂಟು ಗಂಟೆ ಕೆಲಸ. ಇನ್ನೊಂದು 22,000 ಕೊಡುತ್ತದೆ, ಹನ್ನೆರಡು ಗಂಟೆ ಕೆಲಸ. ಎರಡರಲ್ಲೂ 26 ದಿನ. ಮನೆಯಲ್ಲಿ ಕೇಳಿದರೆ ಎಲ್ಲರೂ 22,000 ಎನ್ನುತ್ತಾರೆ. ಮೊದಲನೆಯದು 208 ಗಂಟೆ, ಗಂಟೆಗೆ ಸುಮಾರು 86 ರೂಪಾಯಿ. ಎರಡನೆಯದು 312 ಗಂಟೆ, ಗಂಟೆಗೆ ಸುಮಾರು 70 ರೂಪಾಯಿ. ಇನ್ನು ಆ 22,000 ‘ಸಿ.ಟಿ.ಸಿ.’ ಆಗಿದ್ದರೆ ಕೈಗೆ ಬರುವುದು ಅಷ್ಟಲ್ಲ. ಮೂಲವೇತನ 11,000 ಎಂದಿಟ್ಟುಕೊಂಡರೆ ಪಿ.ಎಫ್.ಗೆ ಶೇಕಡಾ 12ರಂತೆ ನಿಮ್ಮ ಪಾಲು 1,320, ಆಡಳಿತದ ಪಾಲು 1,320, ಎರಡೂ ಅದರೊಳಗೇ ಸೇರಿರುತ್ತವೆ. ಉಳಿಯುವುದು 19,360. ಹಾಸ್ಟೆಲ್ ಮತ್ತು ಮೆಸ್ ಹಣ ಹಿಡಿದುಕೊಂಡರೆ ಇನ್ನೂ ಇಳಿಯುತ್ತದೆ. ಆದ್ದರಿಂದ “ಸಂಬಳ ಎಷ್ಟು?” ಎಂದಷ್ಟೇ ಕೇಳಬೇಡಿ. “ತಿಂಗಳ ಕೊನೆಗೆ ಖಾತೆಗೆ ಎಷ್ಟು ಜಮೆಯಾಗುತ್ತದೆ, ಎಷ್ಟು ಗಂಟೆಗೆ?” ಎಂದು ಕೇಳಿ.

ಕಾನೂನು ಕೂಡ ತಿಳಿದಿರಲಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ದಿನಕ್ಕೆ ಎಂಟು ಗಂಟೆಯ ಮಿತಿ, ಹೆಚ್ಚುವರಿ ದುಡಿಮೆಗೆ ಕೆಲಸಗಾರರ ಒಪ್ಪಿಗೆ, ಅದಕ್ಕೆ ಎರಡು ಪಟ್ಟು ವೇತನ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮೊದಲು ಹೆಣ್ಣುಮಕ್ಕಳನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ರಾತ್ರಿ ಪಾಳಿ ಮುಗಿದಾಗ ಮನೆಗೆ ವಾಹನ ಉಂಟೇ ಎಂದು ಹೆಣ್ಣುಮಕ್ಕಳ ತಂದೆತಾಯಿ ಮೊದಲೇ ಕೇಳುವುದರಲ್ಲಿ ತಪ್ಪೇನಿಲ್ಲ. ಹುದ್ದೆಗೆ ‘ಮೇಲ್ವಿಚಾರಕ’ ಎಂದು ದೊಡ್ಡ ಹೆಸರು ಇಟ್ಟಿದ್ದರೆ ಎಚ್ಚರವಿರಲಿ, ಓವರ್‌ಟೈಮ್ ಹಕ್ಕು ಅಲ್ಲಿ ಕೈತಪ್ಪಬಹುದು.

ಬಾಂಡ್ ವಿಷಯದಲ್ಲಿ ನಮ್ಮ ಹುಡುಗರು “ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ” ಎಂದು ಧೈರ್ಯವಾಗಿ ಸಹಿ ಹಾಕುತ್ತಾರೆ. ಹಾಗೆ ನಂಬಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟಾಗ ತೆರಬೇಕಾಗಿದ್ದ ಎರಡು ಲಕ್ಷ ರೂಪಾಯಿಯ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಲ್ಲ ಬಾಂಡ್‌ಗಳೂ ಹಾಗೆಯೇ ನಿಲ್ಲುತ್ತವೆ ಎಂದಲ್ಲ, ಆದರೆ ಓದದೆ ಸಹಿ ಹಾಕುವಂತಿಲ್ಲ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ, ಮೂಲವನ್ನು ಮನೆಗೆ ತನ್ನಿ. ಅಂಕಪಟ್ಟಿ ಬೀರುವಿನಲ್ಲಿ ಸಿಕ್ಕಿಕೊಂಡರೆ ಬೇರೆ ಕೆಲಸಕ್ಕೆ ಅರ್ಜಿ ಹಾಕುವುದೂ ಕಷ್ಟ.

ಇಷ್ಟನ್ನೂ ಕೇಳುವುದು ಹೇಗೆ? ಜಗಳದ ಧ್ವನಿ ಬೇಡ, ಬೇಡಿಕೊಳ್ಳುವ ಧ್ವನಿಯೂ ಬೇಡ. “ಸರ್, ಕೆಲಸ ನನಗೆ ಇಷ್ಟವಾಗಿದೆ. ಪತ್ರವನ್ನು ಮನೆಯಲ್ಲಿ ಓದಿ ಎರಡು ದಿನದಲ್ಲಿ ತಿಳಿಸುತ್ತೇನೆ” ಎನ್ನಿ. ಅದೇ ಊರಿನಲ್ಲಿ ಅದೇ ಕೆಲಸ ಮಾಡುವ ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿ ಹೋಗಿ. “ನನಗೆ ಮನೆಯಲ್ಲಿ ಕಷ್ಟವಿದೆ” ಎಂದರೆ ಸಂಬಳ ಹೆಚ್ಚುವುದಿಲ್ಲ. “ಐ.ಸಿ.ಯು.ನಲ್ಲಿ ಇಂಟರ್ನ್‌ಶಿಪ್ ಮಾಡಿದ್ದೇನೆ, ಶಸ್ತ್ರಚಿಕಿತ್ಸೆಗೆ ಮೊದಲಿನ ತಪಾಸಣೆಯ ಟಿಪ್ಪಣಿ ನಾನೇ ಬರೆಯಬಲ್ಲೆ, ಉರ್ದು ಮತ್ತು ಕನ್ನಡದಲ್ಲಿ ರೋಗಿಗೆ ವಿವರಿಸಬಲ್ಲೆ” ಎಂದರೆ ಕೇಳುವವರು ತಲೆಯೆತ್ತಿ ನೋಡುತ್ತಾರೆ. ಸಂಬಳ ಏರಿಸಲು ಒಪ್ಪದಿದ್ದರೆ ವಾರದ ರಜೆ ನಿಗದಿ ಮಾಡಿಸಿ, ತಿಂಗಳಿಗೆ ಎಷ್ಟು ರಾತ್ರಿ ಪಾಳಿ ಎಂದು ಬರೆಸಿ, ಆರು ತಿಂಗಳಿಗೆ ಸಂಬಳ ಪರಿಷ್ಕರಣೆ ಎಂದು ಬರೆಸಿ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅದೇ ದಿನ ಇ-ಮೇಲ್ ಮಾಡಿ: “ತಾವು ತಿಳಿಸಿದಂತೆ…” ಎಂದು. ಜುಮಾ ನಮಾಜಿಗೆ ಬಿಡುವು ಬೇಕಾದರೆ ಅದನ್ನೂ ಆಗಲೇ ಹೇಳಿ. ಈದ್ ದಿನ ರಜೆ ಬೇಕಾದವರು ದೀಪಾವಳಿ, ಕ್ರಿಸ್‌ಮಸ್ ದಿನಗಳಲ್ಲಿ ದುಡಿಯಲು ಮುಂದೆ ಬನ್ನಿ. ಅದಲುಬದಲು ಎಲ್ಲರಿಗೂ ಅನುಕೂಲ.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ರಾತ್ರಿ ವಾರ್ಡಿನಲ್ಲಿ ವೈದ್ಯರಿಲ್ಲದೆ ನಿಮ್ಮೊಬ್ಬರನ್ನೇ ಬಿಟ್ಟು, ಔಷಧಿ ನಿರ್ಧರಿಸಿ ಎಂದರೆ ಎಷ್ಟು ಹೆಚ್ಚು ಹಣ ಕೊಟ್ಟರೂ ಒಪ್ಪಬೇಡಿ. ನಿಮ್ಮ ವೃತ್ತಿ ಮೇಲ್ವಿಚಾರಣೆಯಲ್ಲಿ ನಡೆಯುವಂಥದ್ದು. ಏನಾದರೂ ಅನಾಹುತವಾದರೆ ಕೇಸ್ ಶೀಟಿನಲ್ಲಿರುವುದು ನಿಮ್ಮ ಕೈಬರಹ. ಇಪ್ಪತ್ತನಾಲ್ಕು ಗಂಟೆ ನಿದ್ದೆಗೆಟ್ಟವರ ಕೈಯಲ್ಲಿ ಔಷಧಿಯ ಒಂದು ಸೊನ್ನೆ ಹೆಚ್ಚಾದರೆ ಸಾಕು, ಅದನ್ನು ಅನುಭವಿಸುವವರು ಹಾಸಿಗೆಯಲ್ಲಿ ಮಲಗಿದವರು. ಕೆಲಸದ ಗಂಟೆಯ ಪ್ರಶ್ನೆ ಸಂಬಳದ್ದು ಮಾತ್ರವಲ್ಲ.

ಮುಂದಿನ ಸಾಲಿನಲ್ಲಿ ಶಾಲೆ, ನರ್ಸಿಂಗ್ ಹೋಂ ನಡೆಸುವ ನಮ್ಮ ಸಮುದಾಯದ ಹಿರಿಯರೂ ಕುಳಿತಿದ್ದಾರೆ. ಅದಬ್ ಮೀರದೆ ಕೇಳುತ್ತೇನೆ: ತಮ್ಮ ಸಂಸ್ಥೆಗಳಲ್ಲಿ ಎಲ್ಲರಿಗೂ ನೇಮಕಾತಿ ಪತ್ರ ಕೊಟ್ಟಾಗಿದೆಯೇ? (ನಗು) ಈ ಪ್ರಶ್ನೆ ಶಿಕ್ಷಕರ ಪರವಾಗಿಯೂ ಹೌದು.

ಆಸ್ಪತ್ರೆಗಳಲ್ಲಿ ಈಗಾಗಲೇ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇಂದು ಸಾಕಷ್ಟು ಮಂದಿ ಬಂದಿದ್ದೀರಿ. ಅಸರ್ ನಮಾಜಿನ ನಂತರ ಅರ್ಧ ಗಂಟೆ ಹಿಂದಿನ ಕೋಣೆಯಲ್ಲಿ ಕೂರೋಣ. ಕೊನೆಯ ವರ್ಷದವರು ಕೈಗೆ ಬಂದಿರುವ ಪತ್ರಗಳನ್ನು ತನ್ನಿ, ಒಂದೊಂದು ಸಾಲನ್ನೂ ಒಟ್ಟಿಗೆ ಓದೋಣ.