ಎಣ್ಣೆಯ ಹುಟ್ಟೂರು



ಕೋಲಾರದ ಚಿನ್ನದ ಗಣಿಗಳು, ಅಂದರೆ ಕೆಜಿಎಫ್ ಗಣಿಗಳು, 2001ರಲ್ಲಿ ಮುಚ್ಚಿದವು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದಿರನ್ನು ಪುಡಿಮಾಡಿ, ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ, ಚಿನ್ನ ಎಷ್ಟಿದೆಯೆಂದು ತೂಗಿ ಹೇಳುತ್ತಿದ್ದರು. ಆದರೆ ಪೂರ್ತಿ ಶುದ್ಧಮಾಡಿದ ಗಟ್ಟಿ ತೋರಿಸಿ, ಇದು ಯಾವ ನೆಲದ್ದೆಂದು ಕೇಳಿದರೆ ಉತ್ತರ ಕಷ್ಟ. ಅಡುಗೆ ಎಣ್ಣೆಯದೂ ಅದೇ ಕಥೆ. ಬಂಗಾರಪೇಟೆಯ ಅಂಗಡಿಯಲ್ಲಿ ಕೊಂಡ ಗಾಣದೆಣ್ಣೆ ಕಡಲೆಕಾಯಿಯದೇ ಎಂದು ತಿಳಿಯುವುದು ಒಂದು ಮಾತು, ಕೋಲಾರದ ಹೊಲದ್ದೇ ಎಂದು ತಿಳಿಯುವುದು ಬೇರೆ ಮಾತು.

ಮೊದಲನೆಯದಕ್ಕೆ ರಸಾಯನಶಾಸ್ತ್ರ 19ನೇ ಶತಮಾನದಲ್ಲೇ ಕೈಹಾಕಿತು. ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ, ಫರ್‌ಫ್ಯೂರಾಲ್ ಹಾಕಿ ಕುಲುಕಿದರೆ ಕೆಂಪೇರುತ್ತದೆ. ನಮ್ಮಲ್ಲಿ ವನಸ್ಪತಿಗೆ ಶೇಕಡಾ 5 ಎಳ್ಳೆಣ್ಣೆ ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ತುಪ್ಪಕ್ಕೆ ಬೆರೆಸಿದರೆ ಬಣ್ಣವೇ ಹಿಡಿದುಕೊಡಲಿ ಎಂದು.

ಊರಿನ ಪ್ರಶ್ನೆ ನಮ್ಮ ಕಾನೂನಿನೊಳಗೆ ಬಂದದ್ದೂ ತುಪ್ಪದಿಂದಲೇ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ನಿಯಮಗಳಲ್ಲಿ ತುಪ್ಪದ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಿತ್ತು. ಹತ್ತಿಯ ಸೀಮೆಯಲ್ಲಿ ದನ, ಎಮ್ಮೆ ಹತ್ತಿಬೀಜ ತಿನ್ನುತ್ತವೆ, ತುಪ್ಪದ ಗುಣ ಬದಲಾಗುತ್ತದೆ. ಕರ್ನಾಟಕದೊಳಗೇ ಬೆಳಗಾವಿ ಜಿಲ್ಲೆಗೊಂದು ಮಿತಿ, ಉಳಿದ ಜಿಲ್ಲೆಗಳಿಗೆ ಇನ್ನೊಂದು. ಮೇವು, ಮಣ್ಣು ಜಿಡ್ಡಿನಲ್ಲಿ ಗುರುತು ಬಿಡುತ್ತವೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಇದನ್ನು ನಾವು ಮರೆತೇಬಿಟ್ಟಿದ್ದೇವೆ.

1952ರಲ್ಲಿ ಬಂದ ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಬಿಡಿಬಿಡಿಯಾಗಿ ಅಳೆಯುವ ದಾರಿ ತೆರೆಯಿತು. 1983ರಲ್ಲಿ ಇಟಲಿಯ ಫೊರೀನಾ ಮತ್ತು ಸಂಗಡಿಗರು 9 ಪ್ರದೇಶಗಳ 572 ಆಲಿವ್ ಎಣ್ಣೆಗಳನ್ನು ಬರೀ 8 ಕೊಬ್ಬಿನಾಮ್ಲಗಳ ಲೆಕ್ಕದಿಂದ ಊರುವಾರು ವಿಂಗಡಿಸಿ ತೋರಿಸಿದರು. ಕಡಲೆಕಾಯಿಗೂ ಇಂಥ ಗುಣವಿದೆ. ಕಾಯಿ ಬಲಿಯುವಾಗ ಬಿಸಿಲು ಜೋರಾದರೆ ಓಲೀಕ್ ಆಮ್ಲ ಹೆಚ್ಚು, ತಂಪಿದ್ದರೆ ಲಿನೋಲೀಕ್ ಹೆಚ್ಚು. ಆದರೆ ತಳಿ ಬದಲಾದರೂ ಈ ಲೆಕ್ಕ ಏರುಪೇರಾಗುತ್ತದೆ, ಇದೊಂದನ್ನೇ ನಂಬುವಂತಿಲ್ಲ.

ಅದಕ್ಕೇ ಐಸೊಟೋಪುಗಳ ಮೊರೆ. ಒಂದೇ ಮೂಲವಸ್ತುವಿನ ತೂಕದ ಮತ್ತು ಹಗುರದ ಪರಮಾಣುಗಳ ಪ್ರಮಾಣವನ್ನು ಅಳೆಯುವುದು. ಗಿಡ ಕುಡಿದ ಮಳೆನೀರಿನ ಆಮ್ಲಜನಕ, ಜಲಜನಕ ಎಣ್ಣೆಗೂ ಇಳಿಯುತ್ತವೆ. ಕರಾವಳಿಗೆ ಮುಂಗಾರೇ ಮುಖ್ಯ; ಕೋಲಾರದ ಹೊಲ ಮುಂಗಾರಿನ ಜೊತೆ ಹಿಂಗಾರನ್ನೂ ಕುಡಿಯುತ್ತದೆ. ಎರಡು ಮಳೆಗಳ ನೀರಿನ ಗುರುತು ಒಂದೇ ಅಲ್ಲ. ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಗಿಡಕ್ಕೆ ಬರುವ ಸ್ಟ್ರಾನ್ಷಿಯಮ್ ಇನ್ನೊಂದು ಸಾಕ್ಷಿ. ಚಿನ್ನ ಕೊಟ್ಟ ಕೋಲಾರದ ಶಿಲಾಪಟ್ಟಿಯ ಪೂರ್ವ, ಪಶ್ಚಿಮದ ನೈಸ್ ಕಲ್ಲುಗಳ ಚರಿತ್ರೆಯೇ ಬೇರೆಬೇರೆ ಎಂದು ಭೂವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ಇಂಥ ಖನಿಜಾಂಶ ಎಣ್ಣೆಗೆ ಬರುವುದು ತೀರಾ ಅತ್ಯಲ್ಪ, ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಎಣ್ಣೆ ರಿಫೈನ್ ಆದರೆ ಉಳಿದದ್ದೂ ಹೋಗುತ್ತದೆ.

ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಹೋಲಿಸಲು ನಂಬುವಂಥ ಮಾದರಿ ಬೇಕು. ಬಂಗಾರಪೇಟೆ, ಮಾಲೂರು, ಮುಳಬಾಗಿಲಿನ ಗಾಣಗಳಿಂದ ಪ್ರತಿ ಸುಗ್ಗಿಯಲ್ಲೂ ಎಣ್ಣೆಯನ್ನೂ ಹಿಂಡಿಯನ್ನೂ ತೆಗೆದಿಟ್ಟು, ಹೊಲ, ತಳಿ, ಬಿತ್ತಿದ ದಿನ ಬರೆದಿಡಬೇಕು. ಕೃಷಿ ಕಾಲೇಜಿನ ಮಕ್ಕಳು ಮನಸ್ಸು ಮಾಡಿದರೆ ಬರುವ ಸುಗ್ಗಿಯಿಂದಲೇ ಶುರುಮಾಡಬಹುದು.