ಕೋಟಿಲ್ಲದ ಅಧಿಕಾರಿ
(ರೋಣ, ನರಗುಂದ, ಗಜೇಂದ್ರಗಡದ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಮನಶ್ಶಾಸ್ತ್ರ ಓದಿದವರಿಗೆ ಮಿಲ್‌ಗ್ರಾಂ ಹೆಸರು ಗೊತ್ತು. ಉಳಿದವರಿಗೆ ಹೇಳ್ತೀನಿ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಈತ 40 ಗಂಡಸರನ್ನು ಒಬ್ಬೊಬ್ಬರಾಗಿ ಕರೆದು ಒಂದು ಯಂತ್ರದ ಮುಂದೆ ಕೂಡಿಸಿದ. ಗೋಡೆಯಾಚೆ ಕುರ್ಚಿಗೆ ಕಟ್ಟಿದ ಒಬ್ಬ ಮನುಷ್ಯ. ಅವ ತಪ್ಪು ಉತ್ತರ ಹೇಳಿದಾಗೊಮ್ಮೆ ಕರೆಂಟು ಕೊಡಬೇಕು. 15 ವೋಲ್ಟಿಗೆ ಸುರು, 450ಕ್ಕೆ ಕೊನೆ. 300ಕ್ಕೆ ಅವ ಗೋಡೆ ಬಡಿದ. ಆಮೇಲೆ ಸದ್ದಿಲ್ಲ. ಕರೆಂಟು ಸುಳ್ಳು, ಬಡಿದದ್ದೂ ನಾಟಕ. ಗುಂಡಿ ಒತ್ತುವವನಿಗೆ ಮಾತ್ರ ಗೊತ್ತಿಲ್ಲ. ಕೋಟು ಹಾಕಿದ ಅಧಿಕಾರಿ "ಮುಂದುವರಿಸಿ" ಅಂತಿದ್ದ. 26 ಜನ ಕೊನೆ ಮುಟ್ಟಿದರು.

ಮನುಷ್ಯನ ಗುಣವೇ ಇಷ್ಟು ಅಂತ ಪಾಠ ಮುಗಿಸ್ತಾರ. ನಾ ಒಪ್ಪೂದಿಲ್ಲ. ಅದೇ ಮಿಲ್‌ಗ್ರಾಂ ಇನ್ನೊಂದು ಸಲ ಪಕ್ಕದಲ್ಲಿ ಇಬ್ಬರನ್ನು ಕೂಡಿಸಿ, ನಡುವೆ ಅವರು "ನಾವು ಮಾಡೂದಿಲ್ಲ" ಅಂತ ಏಳುವಂತೆ ಮಾಡಿದ. ಆಗ 40ರೊಳಗೆ ಕೊನೆ ಮುಟ್ಟಿದವರು 4 ಮಂದಿ! ಪರೀಕ್ಷೆಗೆ 26 ಕೇಳ್ತಾರ, 4 ಕೇಳೂದಿಲ್ಲ. ಜಿನಾ ಪೆರ್ರಿ 2012ರ ಪುಸ್ತಕದೊಳಗೆ, ಬಹಳ ಮಂದಿಗೆ ಕರೆಂಟಿನ ಮೇಲೇ ಸಂಶಯ ಇತ್ತು ಅಂತ ತೋರಿಸ್ಯಾಳ. ಅಂಕಿಯನ್ನೂ ವೇದವಾಕ್ಯ ಮಾಡಬ್ಯಾಡ್ರಿ.

ಈಗ ನಮ್ಮ ಸೀಮೆಗೆ ಬರೋಣ. ಮಲಪ್ರಭಾ ನೀರು ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕಟ್ಟು ಅಂದಾಗ ರೈತರು ಇಲ್ಲ ಅಂದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ಹೆಣ ಬಿದ್ದವು. ಸರ್ಕಾರದ ಆಜ್ಞೆ ಮುರಿಯುವ ಎದೆ ಈ ಕಪ್ಪುನೆಲದಾಗ ಇತ್ತು.

ನಾ ಒಂಬತ್ತನೆತ್ತೆ ಇದ್ದಾಗ ನಮ್ಮೂರ ಚಹಾದಂಗಡಿಯೊಳಗೆ ನಮ್ಮ ಓಣಿಯವರ ಗ್ಲಾಸು ಹೊರಗಿನ ಗೂಡಿನಾಗ. ಕುಡಿದು ನಾವೇ ತೊಳೆದಿಡಬೇಕು. ಚಹಾ ಸುರಿಯುವ ಹುಡುಗ ನನ್ನ ವಾರಿಗೆಯವ. "ನಾ ಏನ್ ಮಾಡ್ಲಿ, ಸಾವ್ಕಾರ ಹೇಳ್ಯಾನ" ಅಂದ. ಸಾವ್ಕಾರನ್ನ ಕೇಳಿದರ, "ಊರು ಒಪ್ಪೂದಿಲ್ಲೋ ತಮ್ಮಾ." ಊರು ಅಂದರ ಯಾರು? ಜುಲೈ 21ಕ್ಕೆ ಹಸಿರು ಟವೆಲ್ ಹೊತ್ತು ನರಗುಂದಕ್ಕೆ ಹೋಗಿ ಬರುವ ಹಿರಿಯರು ಅಲ್ಲೇ ಬೆಂಚಿನ ಮ್ಯಾಲೆ ಕುಂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಯೇಲ್‌ದಾಗ ಅಧಿಕಾರಿ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ, ಕೊನೆತನಕ ಕೇಳಿದವರು ಸುಮಾರು ಐದರಲ್ಲೊಂದು ಪಾಲಿಗೆ ಇಳಿದರು. ಜಾತಿಗೆ ಕೋಟೂ ಬ್ಯಾಡ, ಫೋನೂ ಬ್ಯಾಡ. ಅಲ್ಲಿ ಬಂದು ಕುಂತದ್ದಕ್ಕೆ 4 ಡಾಲರು ಕೊಟ್ಟರು. ಇಲ್ಲಿ ಹೇಳಿದ್ದು ಕೇಳಿದವನಿಗೆ ತನಗಿಂತ ಕೆಳಗೊಬ್ಬ ಸಿಗ್ತಾನ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ಮಿಲ್‌ಗ್ರಾಂನ ಯಂತ್ರದಾಗ ಇದಕ್ಕೆ ಗುಂಡಿ ಇರಲಿಲ್ಲ. ಇನ್ನೊಂದು: ಅಲ್ಲಿ ಕುರ್ಚಿಯವ ನಟ, ಆಟ ಮುಗಿದ ಮ್ಯಾಲೆ ಎದ್ದು ಬಂದ. ಕುರ್ಚಿಗೆ ನಿಜವಾಗಿ ಕಟ್ಟಿಸಿಕೊಂಡವ ಏನು ಮಾಡ್ತಾನ ಅಂತ ಅವ ಕೇಳಲೇ ಇಲ್ಲ.

ಹೋದ ರಜೆಗೆ ನಾವು ಮೂವರು ಒಳಗಿನ ಬೆಂಚಿನ ಮ್ಯಾಲೆ ಹೋಗಿ ಕುಂತ್ವಿ. ಸಾವ್ಕಾರ ಅಂಗಡಿ ಮುಚ್ಚಿದ. ಮರುದಿನ ಎಲ್ಲರಿಗೂ ಪೇಪರ್ ಕಪ್ಪು ತಂದ, ಹೊರಗೊಂದು ಬ್ಯಾರೆ ಬೆಂಚು ಹಾಕಿದ. ಗ್ಲಾಸು ಹೋತು, ಬೆಂಚು ಬಂತು. ಚಹಾ ಸುರಿಯುವ ಹುಡುಗ ಮಾತ್ರ ಈ ಸಲ ನಮ್ಮನ್ನ ನೋಡಿ ನಕ್ಕ.

ದೀಪಾವಳಿಗೆ ಮತ್ತ ಹೊಂಟೀವಿ. ಬರುವವರು ಊಟ ಆದ ಮ್ಯಾಲೆ ಹೆಸರು ಬರಸ್ರಿ.

ಜೈ ಭೀಮ್.