ಚಿನ್ನದ ಗಣಿಯಲ್ಲಿ ಸಿಕ್ಕ ಕಣ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆಯಿಂದ ಭೂಮಿ, ಕೂಲಿ, ಸಾಲಗಳ ಮಾತಾಡಿದ್ದೇವೆ. ಈಗ ನಾನು ಕಣಭೌತಶಾಸ್ತ್ರದ ವಿಷಯ ಎತ್ತಿದರೆ, ಮೇಷ್ಟ್ರು ಶಾಲೆ ಬಿಟ್ಟರೂ ಪಾಠ ಬಿಡಲಿಲ್ಲ ಎಂದು ನೀವು ನಗಬಹುದು. ನಗಿರಿ. ಆದರೆ ಈ ವಿಷಯಕ್ಕೂ ನಮ್ಮ ನಾಡಿನ ಕೂಲಿಗಾರನ ಬೆವರಿಗೂ ಸಂಬಂಧ ಉಂಟು.

1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ಒಂದು ಉಪಕರಣ ಹೂಡಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಇವರೆಲ್ಲ ಸೇರಿ ಮಾಡಿದ ಕೆಲಸ ಅದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1951ರಲ್ಲೇ ಆ ಗಣಿಗೆ ಇಳಿದು ಅಳತೆ ಆರಂಭಿಸಿದ್ದರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಅಲ್ಲಿ ಸಿಕ್ಕಿತು. ಅವರ ಲೇಖನ ಅಚ್ಚಾದದ್ದು 1965ರ ಆಗಸ್ಟ್ 15ರಂದು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡವೂ ಇದನ್ನೇ ಕಂಡಿತ್ತು. ಅವರ ಲೇಖನ ಬಂದದ್ದು ಆಗಸ್ಟ್ 30ಕ್ಕೆ.

ಏನಿದು ನ್ಯೂಟ್ರಿನೊ? ಆಕಾಶದಿಂದ ಹಗಲೂ ಇರುಳೂ ಕಣಗಳ ಮಳೆ ಸುರಿಯುತ್ತಿದೆ. ಅದನ್ನು ವಿಶ್ವಕಿರಣ ಎನ್ನುತ್ತಾರೆ. ಅವು ಮೇಲಿನ ಗಾಳಿಗೆ ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡನ್ನು ನೆನಪಿಡಿ: ಮ್ಯುಆನ್ ಮತ್ತು ನ್ಯೂಟ್ರಿನೊ. ಮ್ಯುಆನಿಗೆ ವಿದ್ಯುದಂಶ ಉಂಟು. ಕಲ್ಲು ಮಣ್ಣು ಹಾಯುತ್ತ ಹಾಯುತ್ತ ದಣಿದು ನಿಲ್ಲುತ್ತದೆ. ನ್ಯೂಟ್ರಿನೊಗೆ ಅದಿಲ್ಲ. ಇಡೀ ಭೂಮಿಯನ್ನೇ ತೂರಿ ಆಚೆ ಹೋಗಬಲ್ಲದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತಿವೆ. ನೋವಿಲ್ಲ, ಗಾಯವಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಅಪರೂಪಕ್ಕೊಂದು ನ್ಯೂಟ್ರಿನೊ ಕಲ್ಲಿನೊಳಗೆ ಡಿಕ್ಕಿ ಹೊಡೆದು ಒಂದು ಮ್ಯುಆನನ್ನು ಹುಟ್ಟಿಸುತ್ತದೆ. ನೆಲದ ಮೇಲಾದರೋ ಮ್ಯುಆನುಗಳ ಸಂತೆಯೇ ನೆರೆದಿದೆ. ಆ ಗದ್ದಲದಲ್ಲಿ ಈ ಒಂದರ ದನಿ ಕೇಳದು. ಅದಕ್ಕೇ ಗಣಿಗೆ ಇಳಿದರು. ಬಂಡೆಯೇ ಜರಡಿಯಾಯಿತು. ಅಷ್ಟಾದರೂ ನೆತ್ತಿಯ ಮೇಲಿನಿಂದ ಕೆಲವು ಮ್ಯುಆನುಗಳು ಇಳಿದು ಬರುತ್ತವೆ. ಆದ್ದರಿಂದ ಎದುರುಬದುರು ಗೋಡೆಗಳಂತೆ ಉಪಕರಣ ನಿಲ್ಲಿಸಿ, ಅಡ್ಡ ಬರುವ ಕಣಕ್ಕಾಗಿ ಕಾದರು. ಮೇಲಿನ ಗಾಳಿಯಲ್ಲಿ ಹುಟ್ಟಿದ ಮ್ಯುಆನ್ ಅಡ್ಡಲಾಗಿ ಬರಬೇಕಾದರೆ ಹತ್ತಾರು ಕಿಲೋಮೀಟರ್ ಬಂಡೆ ಹಾಯಬೇಕು. ಅದು ಅದರ ಕೈಲಾಗದು. ಹಾಗಾದರೆ ಅಡ್ಡ ಬಂದ ಮ್ಯುಆನ್ ಪಕ್ಕದ ಕಲ್ಲಿನಲ್ಲೇ ನ್ಯೂಟ್ರಿನೊ ಹುಟ್ಟಿಸಿದ್ದಾಗಿರಬೇಕು. ಇಷ್ಟೇ ತರ್ಕ. ಹೊಲದಲ್ಲಿ ಹೆಜ್ಜೆ ನೋಡಿ ಯಾವ ದನ ನುಗ್ಗಿತ್ತೆಂದು ಹೇಳುವ ರೈತನಿಗೆ ಇದು ತಿಳಿಯದೆ?

ಈ ಗಾಳಿಯ ನ್ಯೂಟ್ರಿನೊಗಳನ್ನೇ ಜಪಾನಿನಲ್ಲಿ 50,000 ಟನ್ ನೀರಿನ ತೊಟ್ಟಿಯಿಟ್ಟು ನೋಡಿದರು. ಅವು ದಾರಿಯಲ್ಲಿ ರೂಪ ಬದಲಿಸುತ್ತವೆ, ಎಂದರೆ ಅವಕ್ಕೂ ತೂಕವಿದೆ ಎಂದು 1998ರಲ್ಲಿ ತೋರಿಸಿದರು. 2015ರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಬಂತು. ಕೋಲಾರದ ಗಣಿ ಅಷ್ಟು ಹೊತ್ತಿಗೆ ಇರಲಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿತ್ತು.

ಈಗ ನನ್ನ ಪ್ರಶ್ನೆ. ಬಂಡೆಯೇ ಸುಡುವ ಆ ಆಳಕ್ಕೆ ದಾರಿ ಕೊರೆದವರು ಯಾರು? ಅಲ್ಲಿಗೆ ಗಾಳಿ ಹಾಯಿಸಿದವರು, ನೀರು ಎತ್ತಿ ಹಾಕಿದವರು ಯಾರು? ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹಿಡಿಸಿಕೊಂಡ ಕೂಲಿಗಾರರು. ಚಿನ್ನ ಅವರ ಮನೆಗೆ ಬರಲಿಲ್ಲ. ತಿಳಿವಳಿಕೆಯಾದರೂ ಬರಬೇಡವೆ? ಇದು ದಾನವಲ್ಲ, ಬಾಕಿ.

ಜನರಿಗೆ ಇದು ಅರ್ಥವಾಗದು ಎನ್ನುವವರಿದ್ದಾರೆ. ನಾನು ಓದಿದ್ದು ಮೆಟ್ರಿಕ್. ನನಗೆ ಅರ್ಥವಾದದ್ದು ನಿಮಗೂ ಆಗುತ್ತದೆ. ಕನ್ನಡಕ್ಕೆ ಶಕ್ತಿ ಸಾಲದು ಎನ್ನುತ್ತಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಯೂರೋಪಿನ ಸರ್ನ್ ಸಂಸ್ಥೆ 1953ರ ತನ್ನ ಒಪ್ಪಂದದಲ್ಲೇ ಫಲಿತಾಂಶಗಳೆಲ್ಲ ಬಹಿರಂಗವಾಗಬೇಕೆಂದು ಬರೆದುಕೊಂಡಿತು. ಒಳ್ಳೆಯದೇ. ಆದರೆ ಯಾವ ಭಾಷೆಯಲ್ಲಿ ಬಹಿರಂಗ? ಪ್ರಕಟಿಸುವುದು ಬೇರೆ, ತಲುಪಿಸುವುದು ಬೇರೆ.

ತಲುಪಿಸದಿದ್ದರೆ ಏನಾಗುತ್ತದೆ? ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ ಬೆಟ್ಟ ಕೊರೆದು ನ್ಯೂಟ್ರಿನೊ ಪ್ರಯೋಗಾಲಯ ಕಟ್ಟಲು ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿತು. ಸುಮಾರು 1,500 ಕೋಟಿ ರೂಪಾಯಿಯ ಯೋಜನೆ. ಸುತ್ತಲಿನ ಜನ ಎದ್ದು ನಿಂತರು. ನ್ಯೂಟ್ರಿನೊ ಎಂಬ ಹೆಸರೇ ಭಯ ಹುಟ್ಟಿಸಿತು. ಆ ಕಣದಿಂದ ಅಪಾಯವಿಲ್ಲ. ಇದನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು; ಸುಳ್ಳು ಭಯದ ಮೇಲೆ ಚಳವಳಿ ಕಟ್ಟಬಾರದು. ಆದರೆ ಬೆಟ್ಟ ಸಿಡಿಸಿದರೆ ನಮ್ಮ ನೀರಿನ ಗತಿಯೇನು, ಕಾಡಿನ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಮೊದಲನೆಯದು ವಿಜ್ಞಾನಿ ಜನರಿಗೆ ಕಲಿಸಬೇಕಾದದ್ದು; ಎರಡನೆಯದು ಅವನು ಜನರಿಂದ ಕೇಳಬೇಕಾದದ್ದು. ಎರಡನ್ನೂ ಬೇರ್ಪಡಿಸಿ ನೋಡಲು ಜನರಿಗೆ ವಿಷಯ ತಿಳಿದಿರಬೇಕು.

ಆದ್ದರಿಂದ ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ತಿಂಗಳಿಗೊಂದು ಸಂಜೆ ಇಂಥದೊಂದು ವಿಷಯ ಹೇಳಿ. ಆಶ್ಚರ್ಯಪಡಿಸಲು ಹೇಳಬೇಡಿ. ಹೇಗೆ ಕಂಡುಹಿಡಿದರು, ಖರ್ಚು ಯಾರದು, ದುಡಿಮೆ ಯಾರದು ಎಂಬುದನ್ನು ಹೇಳಿ. ಹೆಸರಿಗೆ ಸಂಸ್ಕೃತದ ಪದ ಹುಡುಕುತ್ತ ಕೂರಬೇಡಿ; ನ್ಯೂಟ್ರಿನೊ ಎಂದೇ ಅನ್ನಿ. ಬಸ್ಸು, ರೈಲು ಎಂಬ ಮಾತು ಬಂದ ಹಾಗೆ ಅದೂ ಬರುತ್ತದೆ. ಕೇಳಿದವರು ಪ್ರಶ್ನೆ ಹಾಕುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಮುಂದಿನ ತಿಂಗಳು ತಿಳಿದುಕೊಂಡು ಬನ್ನಿ.